ಚೆಸಿಲ್ ದಂಡೆಯಲ್ಲಿ ಗಾಳದ ಪಂದ್ಯ: ಕಲ್ಲಿನ ಮೇಲೆ ಸಾಲಾಗಿ ನಿಂತವರು ಮಾಡುವುದೇನು?

ಅಕ್ಟೋಬರ್ ಕೊನೆಯ ಒಂದು ಭಾನುವಾರ. ಊರಿನಿಂದ ಬಂದಿದ್ದ ಅಪ್ಪಯ್ಯನನ್ನು ಇಂಗ್ಲೆಂಡಿನ ದಕ್ಷಿಣದ ಡಾರ್ಸೆಟ್ ಕರಾವಳಿಗೆ ಕರೆದೊಯ್ದಿದ್ದೆ. ಅವರು ಗಂಗೊಳ್ಳಿಯವರು, ಪಂಚಗಂಗಾವಳಿಯ ಅಳಿವೆಯಲ್ಲಿ ಗಾಳ ಹಾಕುತ್ತಲೇ ಬೆಳೆದವರು. ಚೆಸಿಲ್ ಎಂಬ ಕಲ್ಲಿನ ದಿಬ್ಬವನ್ನು ಏದುಸಿರು ಬಿಡುತ್ತ ಹತ್ತಿ ಆಚೆ ನೋಡಿದರೆ, ಕೆಳಗೆ ನೀರಿನ ಅಂಚಿನುದ್ದಕ್ಕೂ ಇಪ್ಪತ್ತೈದು ಮೂವತ್ತು ಜನ ಸಮ ಅಂತರದಲ್ಲಿ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರ ಎದುರೂ ಒಂದು ಮುಕ್ಕಾಲಿ, ಅದರ ಮೇಲೆ ಆಕಾಶಕ್ಕೆ ಮುಖ ಮಾಡಿದ ಉದ್ದನೆಯ ಕೋಲು. ಯಾರೋ ಸೀಟಿ ಊದಿದರು. ಅಷ್ಟೂ ಜನ ಒಟ್ಟಿಗೇ ಗಾಳ ಎಸೆದರು.

ಅಪ್ಪಯ್ಯ ಅರ್ಧ ಗಂಟೆ ಮಾತಾಡದೆ ನೋಡಿದರು. ಆಮೇಲೆ ಒಂದೊಂದಾಗಿ ಪ್ರಶ್ನೆಗಳು ಬಂದವು. "ಇಷ್ಟು ಉದ್ದದ ದಂಡೆ ಇರುವಾಗ ಇಲ್ಲಿಯೇ ಯಾಕೆ ಸಾಲು ನಿಂತಿದ್ದಾರೆ? ಒಬ್ಬ ಅಷ್ಟು ದೂರ ಎಸೆದ, ಪಕ್ಕದವನು ಕಾಲಬುಡದಲ್ಲಿ ಹಾಕಿದ, ಯಾರದ್ದು ಸರಿ? ಹಿಡಿದ ಮೀನನ್ನು ಅಳತೆ ಹಾಕಿ ಮತ್ತೆ ನೀರಿಗೇ ಬಿಟ್ಟರಲ್ಲ ಮಾರಾಯ, ಅದೇಕೆ?"

ಈ ಪ್ರಶ್ನೆಗಳು ಅವರೊಬ್ಬರವೇ ಅಲ್ಲ. ಲಂಡನ್, ರೆಡಿಂಗ್, ಸೌತಾಂಪ್ಟನ್ ಕಡೆಯ ಕನ್ನಡದ ಮನೆಗಳವರು ರಜೆಯಲ್ಲಿ ಈ ಕರಾವಳಿಗೆ ಹೋಗುತ್ತಲೇ ಇರುತ್ತಾರೆ. ಶರತ್ಕಾಲ, ಚಳಿಗಾಲದ ವಾರಾಂತ್ಯವಾದರೆ ಇಂಥ ಸಾಲೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಅದು ಸ್ಥಳೀಯ ಗಾಳಗಾರರ ಕ್ಲಬ್ಬಿನ ಪಂದ್ಯ. ನೋಡುವವರಿಗೆ ಅದೃಷ್ಟದ ಆಟದಂತೆ ಕಾಣುತ್ತದೆ. ಅಲ್ಲಿ ನಿಜವಾಗಿ ಏನು ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಮೀನನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಕಾಲಡಿಯ ಕಲ್ಲಿನಿಂದ ಶುರು ಮಾಡಬೇಕು.

ಬಟಾಣಿಯಿಂದ ಆಲೂಗಡ್ಡೆಯವರೆಗೆ

ನಮ್ಮ ಮರವಂತೆಯನ್ನು ನೆನೆಸಿಕೊಳ್ಳಿ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಕಿರಿದಾದ ನೆಲದ ಪಟ್ಟಿ. ಚೆಸಿಲ್ ಕೂಡ ಹಾಗೆಯೇ: ಒಂದು ಬದಿ ಇಂಗ್ಲಿಷ್ ಕಡಲ್ಗಾಲುವೆ, ಇನ್ನೊಂದು ಬದಿ ಫ್ಲೀಟ್ ಎಂಬ 13 ಕಿಲೋಮೀಟರ್ ಉದ್ದದ ಹಿನ್ನೀರು. ಆದರೆ ನಡುವಿನ ಪಟ್ಟಿಯಲ್ಲಿ ಮರಳಿಲ್ಲ, ರಸ್ತೆಯಿಲ್ಲ. ಇರುವುದು ಬರಿಯ ಉರುಟುಗಲ್ಲು. ಪಶ್ಚಿಮದ ವೆಸ್ಟ್ ಬೇ ಊರಿನಿಂದ ಪೂರ್ವದ ಪೋರ್ಟ್‌ಲ್ಯಾಂಡ್‌ವರೆಗೆ ಸುಮಾರು 29 ಕಿಲೋಮೀಟರ್. ಕಲ್ಲುಗಳಲ್ಲಿ ಬಹುಪಾಲು ಚಕಮಕಿ ಕಲ್ಲಿನ ಜಾತಿಯವು. ಚೆಸಿಲ್ ಎಂಬ ಹೆಸರೇ ಹಳೆಯ ಇಂಗ್ಲಿಷಿನಲ್ಲಿ ಉರುಟುಗಲ್ಲು ಎಂಬ ಅರ್ಥದ ಪದದಿಂದ ಬಂದದ್ದು. 2001ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಜುರಾಸಿಕ್ ಕರಾವಳಿಯ ಒಂದು ಭಾಗವಿದು.

ಈ ದಂಡೆಯ ವಿಶೇಷವೆಂದರೆ ಇಲ್ಲಿನ ಕಲ್ಲುಗಳನ್ನು ಯಾರೋ ಜರಡಿ ಹಿಡಿದು ಜೋಡಿಸಿಟ್ಟಂತಿದೆ. ವೆಸ್ಟ್ ಬೇ ತುದಿಯಲ್ಲಿ ಅವು ಬಟಾಣಿಯಷ್ಟು. ಪೂರ್ವಕ್ಕೆ ನಡೆದಂತೆ ನೆಲ್ಲಿಕಾಯಿಯಷ್ಟು, ನಿಂಬೆಹಣ್ಣಿನಷ್ಟು. ಪೋರ್ಟ್‌ಲ್ಯಾಂಡ್ ತುದಿಯಲ್ಲಿ ದೊಡ್ಡ ಆಲೂಗಡ್ಡೆಯಷ್ಟು. ಮಂಜು ಕವಿದ ರಾತ್ರಿ ದೋಣಿ ದಡ ಮುಟ್ಟಿಸಿದ ಮೀನುಗಾರರು ಕೈಗೆ ಸಿಕ್ಕ ಕಲ್ಲಿನ ಗಾತ್ರ ನೋಡಿಯೇ ತಾವೆಲ್ಲಿದ್ದೇವೆ ಎಂದು ಹೇಳುತ್ತಿದ್ದರು ಎಂಬ ಮಾತು ಇಲ್ಲಿ ಇನ್ನೂ ಉಳಿದಿದೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಸರಳ. ಅಟ್ಲಾಂಟಿಕ್‌ನಿಂದ, ಅಂದರೆ ನೈಋತ್ಯದಿಂದ ಬರುವ ಭಾರೀ ಅಲೆಗಳು ದೊಡ್ಡದು ಸಣ್ಣದು ಎನ್ನದೆ ಎಲ್ಲ ಕಲ್ಲನ್ನೂ ಪೂರ್ವಕ್ಕೆ ತಳ್ಳುತ್ತವೆ. ಗಾಳಿ ದಿಕ್ಕು ಬದಲಿಸಿದಾಗ ಬರುವ ಸಣ್ಣ ಅಲೆಗಳಿಗೆ ಸಣ್ಣ ಕಲ್ಲನ್ನು ಮಾತ್ರ ಪಶ್ಚಿಮಕ್ಕೆ ಮರಳಿ ಒಯ್ಯುವ ಶಕ್ತಿ ಇರುತ್ತದೆ. ಸಾವಿರಾರು ವರ್ಷ ಹೀಗೆಯೇ ನಡೆದರೆ ದೊಡ್ಡವು ಪೂರ್ವದಲ್ಲಿ ಉಳಿಯುತ್ತವೆ, ಸಣ್ಣವು ಪಶ್ಚಿಮದಲ್ಲಿ.

ಕಲ್ಲಿನ ದಂಡೆ ಕಡಿದಾಗಿರುವುದೇಕೆ?

ಗಾಳಗಾರನಿಗೆ ಗಾತ್ರಕ್ಕಿಂತ ಮುಖ್ಯವಾದದ್ದು ಇಳಿಜಾರು. ಮಲ್ಪೆಯ ಮರಳಿನಲ್ಲಿ ಸೊಂಟದ ನೀರಿಗೆ ಹೋಗಬೇಕಾದರೆ ಬಹಳ ದೂರ ನಡೆಯಬೇಕು. ಚೆಸಿಲ್‌ನಲ್ಲಿ ನಾಲ್ಕು ಹೆಜ್ಜೆಯಲ್ಲಿ ಆಳ.

ಮನೆ ಕಟ್ಟುವ ಜಾಗದಲ್ಲಿ ಒಂದು ಮರಳಿನ ರಾಶಿ, ಒಂದು ಜಲ್ಲಿ ರಾಶಿ ಇರುತ್ತದಲ್ಲ? ಎರಡರ ಮೇಲೂ ಒಂದೊಂದು ಕೊಡ ನೀರು ಸುರಿದು ನೋಡಿ. ಮರಳಿನ ಮೇಲೆ ಬಿದ್ದ ನೀರು ಕೊರೆಯುತ್ತ ಹರಿದು ಮರಳನ್ನೂ ಕೆಳಗೆ ಎಳೆದೊಯ್ಯುತ್ತದೆ, ರಾಶಿ ಚಪ್ಪಟೆಯಾಗುತ್ತದೆ. ಜಲ್ಲಿಯ ಮೇಲೆ ಸುರಿದ ನೀರು ಸಂದಿಗಳಲ್ಲಿ ಇಳಿದು ಮಾಯವಾಗುತ್ತದೆ, ರಾಶಿ ಹಾಗೆಯೇ ನಿಂತಿರುತ್ತದೆ. ಕಡಲಿನಲ್ಲಿಯೂ ನಡೆಯುವುದು ಇದೇ. ಅಲೆ ಕಲ್ಲನ್ನು ಮೇಲಕ್ಕೆ ತಳ್ಳಿಕೊಂಡು ಬರುತ್ತದೆ. ಆದರೆ ಬಂದ ನೀರಿನಲ್ಲಿ ಹೆಚ್ಚಿನ ಪಾಲು ಕಲ್ಲುಗಳ ನಡುವೆ ಇಂಗಿಹೋಗುವುದರಿಂದ, ಮರಳುವ ನೀರಿಗೆ ಅಷ್ಟೂ ಕಲ್ಲನ್ನು ಕೆಳಗಿಳಿಸುವ ಬಲ ಉಳಿಯುವುದಿಲ್ಲ. ಹೀಗೆ ಕಲ್ಲು ಮೇಲೆಯೇ ಪೇರುತ್ತ ಹೋಗುತ್ತದೆ. ಪೋರ್ಟ್‌ಲ್ಯಾಂಡ್ ತುದಿಯಲ್ಲಿ ದಿಬ್ಬ ಸಮುದ್ರಮಟ್ಟದಿಂದ ಸುಮಾರು 15 ಮೀಟರ್ ಎತ್ತರ.

ಈ ಕಡಿದಾದ ಇಳಿಜಾರು ನೀರಿನೊಳಗೂ ಮುಂದುವರಿಯುತ್ತದೆ. ಒಂದು ಕಡೆ ಕಲ್ಲು ಮುಗಿದು ಮರಳು ಶುರುವಾಗುತ್ತದೆ. ಮೆಟ್ಟಿಲ ಬುಡದಲ್ಲಿ ಧೂಳು ಕಸ ಸೇರುವಂತೆ, ಅಲೆ ಕಲಕಿ ಹೊರಹಾಕಿದ ಹುಳು, ಏಡಿಮರಿ, ಸಿಗಡಿಯ ಚೂರುಗಳೆಲ್ಲ ಆ ಗಡಿಯಲ್ಲಿ ಬಂದು ನಿಲ್ಲುತ್ತವೆ. ಮೀನುಗಳು ಅಲ್ಲಿ ಅಡ್ಡಾಡುತ್ತ ಮೇಯುತ್ತವೆ. ಆ ಗಡಿ ನೀರಿನ ಅಂಚಿನಿಂದ ಎಷ್ಟು ದೂರ ಎಂಬುದು ಜಾಗದಿಂದ ಜಾಗಕ್ಕೆ, ಬಿರುಗಾಳಿಯಿಂದ ಬಿರುಗಾಳಿಗೆ ಬದಲಾಗುತ್ತದೆ. ಬೋಳು ಮರಳಿನ ಚಪ್ಪಟೆ ತೀರದಲ್ಲಿ ದೂರ ಎಸೆಯಬಲ್ಲವನಿಗೆ ಮೇಲುಗೈ. ಇಲ್ಲಿ ನೂರು ಮೀಟರ್ ಆಚೆಗೆ ಎಸೆದವನ ಗಾಳ ಮೀನನ್ನು ದಾಟಿಹೋಗಿ ಬಿದ್ದಿರಬಹುದು. ಇಪ್ಪತ್ತು ಮೀಟರಿಗೆ ಹಾಕಿದವನದು ಮೀನಿನ ಬಾಯೆದುರು ಇರಬಹುದು. ಮುಂದಿನ ಗಂಟೆಯಲ್ಲಿ ಇದು ತಿರುಗುಮುರುಗಾಗಲೂಬಹುದು. ಅಪ್ಪಯ್ಯನ ಎರಡನೆಯ ಪ್ರಶ್ನೆಗೆ ಉತ್ತರ ಇಷ್ಟು: ಯಾರದ್ದು ಸರಿ ಎಂಬುದನ್ನು ಕಂಡುಕೊಳ್ಳುವುದೇ ಪಂದ್ಯ.

ಗೂಟ, ಚೀಟಿ ಮತ್ತು ನ್ಯಾಯ

ಕಡಲಿನಲ್ಲಿ ಎಲ್ಲ ಜಾಗವೂ ಸಮವಲ್ಲ. ಒಂದು ತಗ್ಗಿನ ಎದುರು ನಿಂತವನಿಗೆ ಬುಟ್ಟಿ ತುಂಬ ಸಿಕ್ಕಿದರೆ, ಎಂಬತ್ತು ಮೀಟರ್ ಆಚೆ ನಿಂತವನಿಗೆ ಒಂದೂ ಸಿಗದಿರಬಹುದು. ಹಾಗಾಗಿ ಇಷ್ಟಬಂದಲ್ಲಿ ನಿಲ್ಲಿ ಎಂದರೆ ಮೊದಲು ಓಡಿಹೋದವನಿಗೇ ಲಾಭ. ಹಾಗೆ ಮುಕ್ತವಾಗಿ ಅಲೆದಾಡಿ ಹಿಡಿಯುವ ಪಂದ್ಯಗಳೂ ಇವೆ. ಆದರೆ ಸಾಲಾಗಿ ನಿಂತು ಆಡುವ ಪಂದ್ಯದ ಕ್ರಮವೇ ಬೇರೆ.

ಬೆಳಿಗ್ಗೆಯೇ ಕ್ಲಬ್ಬಿನ ಇಬ್ಬರು ಮೂವರು ಬಂದು ದಂಡೆಯುದ್ದಕ್ಕೂ ಹೆಜ್ಜೆಯಳೆದು ಗೂಟದ ಜಾಗಗಳನ್ನು ಗುರುತಿಸುತ್ತಾರೆ. ಒಂದರಿಂದ ಒಂದಕ್ಕೆ ಹದಿನೈದು, ಇಪ್ಪತ್ತು ಮೀಟರ್ ಅಂತರ, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಸ್ಪರ್ಧಿಗಳು ಬಂದು ಹೆಸರು ಬರೆಸಿ, ಸಣ್ಣ ಮೊತ್ತದ ಶುಲ್ಕ ಕಟ್ಟಿ, ಚೀಲಕ್ಕೆ ಕೈಹಾಕಿ ಚೀಟಿ ಎತ್ತುತ್ತಾರೆ. ಬಂದ ಸಂಖ್ಯೆಯ ಗೂಟವೇ ಆ ದಿನದ ಮನೆ. ಶುಲ್ಕದ ಹಣದಲ್ಲಿ ಒಂದು ಪಾಲು ಬಹುಮಾನಕ್ಕೆ ಹೋಗುತ್ತದೆ.

ಚೀಟಿ ಎತ್ತಿದರೂ ಅದೃಷ್ಟದ ಪಾಲು ಪೂರ್ತಿ ಹೋಗುವುದಿಲ್ಲ ಎಂಬುದು ಗಾಳಗಾರರಿಗೆ ಚೆನ್ನಾಗಿ ಗೊತ್ತು. ಸಾಲಿನ ಎರಡು ತುದಿಯ ಗೂಟಗಳು ಸಿಕ್ಕಿದವರ ಮುಖ ಅರಳುತ್ತದೆ. ಅವರಿಗೆ ಒಂದೇ ಬದಿಯಲ್ಲಿ ಎದುರಾಳಿ, ಇನ್ನೊಂದು ಬದಿಯ ನೀರೆಲ್ಲ ಅವರದೇ. ಇದನ್ನು ಸರಿದೂಗಿಸಲು ಉದ್ದನೆಯ ಸಾಲನ್ನು ವಲಯಗಳಾಗಿ ಒಡೆದು, ಪ್ರತಿ ವಲಯದೊಳಗೂ ಪ್ರತ್ಯೇಕ ಬಹುಮಾನ ಇಡುತ್ತಾರೆ. ಆಗ ಮೀನಿಲ್ಲದ ಭಾಗದಲ್ಲಿ ನಿಂತವನ ಸ್ಪರ್ಧೆ ತನ್ನಂಥದ್ದೇ ನೀರಿನ ಎದುರು ನಿಂತ ನೆರೆಯವರೊಂದಿಗೆ ಮಾತ್ರ. ವರ್ಷವಿಡೀ ನಡೆಯುವ ಲೀಗ್ ಇದ್ದರೆ, ಒಬ್ಬೊಬ್ಬರ ಕೆಟ್ಟ ಫಲಿತಾಂಶ ಒಂದೆರಡನ್ನು ಕೈಬಿಟ್ಟು ಉಳಿದವನ್ನು ಕೂಡುವ ಪದ್ಧತಿ ಹಲವೆಡೆ ಇದೆ. ಬಹಳ ಯೋಚಿಸಿ ಮಾಡಿದ ಏರ್ಪಾಡಿದು ಎಂದು ನನಗೆ ಅನ್ನಿಸುತ್ತದೆ. ಒಂದು ದಿನದ ಅದೃಷ್ಟವನ್ನು ಅಳಿಸಲಾಗದು, ಆದರೆ ಹನ್ನೆರಡು ತಿಂಗಳ ಮೇಲೆ ಹರಡಿದಾಗ ಅದು ತೆಳುವಾಗುತ್ತದೆ.

ಗೂಟಕ್ಕೆ ಹೋಗುವ ದಾರಿಯೇ ಅರ್ಧ ಕೆಲಸ. ಉರುಟುಗಲ್ಲಿನ ಮೇಲೆ ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದೆ ಜಾರುತ್ತದೆ. ಚಕ್ರದ ಗಾಡಿ ಹೂತುಹೋಗುತ್ತದೆ. ಕುಳಿತುಕೊಳ್ಳಲೂ ಆಗುವ ಪೆಟ್ಟಿಗೆ, ಮುಕ್ಕಾಲಿ, ಕೋಲುಗಳು, ಎರೆಯ ಡಬ್ಬಿ, ಬಕೆಟ್ಟು ಎಲ್ಲವನ್ನೂ ಬೆನ್ನಿಗೇರಿಸಿಕೊಂಡೇ ಸಾಗಬೇಕು. ಅರವತ್ತು ದಾಟಿದವರೂ ಹೀಗೆ ಹೊತ್ತು ನಡೆಯುವುದನ್ನು ಅಂದು ಕಂಡೆವು.

ಕೋಲು, ತಂಗುಸಿ, ಸೀಸ

ದಡದಿಂದ ಎಸೆಯುವ ಕೋಲು ಹದಿಮೂರು, ಹದಿನಾಲ್ಕು ಅಡಿ ಉದ್ದ. ಉದ್ದವಿರಲು ಎರಡು ಕಾರಣ: ಕವಣೆಯ ತೋಳು ಉದ್ದವಾದಷ್ಟೂ ಕಲ್ಲು ದೂರ ಹೋಗುತ್ತದೆ, ಮತ್ತು ಕೋಲಿನ ತುದಿ ಎತ್ತರದಲ್ಲಿದ್ದರೆ ತಂಗುಸಿ, ಅಂದರೆ ಗಾಳದ ದಾರ, ಒಡೆಯುವ ಅಲೆಗಳ ಮೇಲಿಂದ ಹಾದುಹೋಗುತ್ತದೆ. ಇಲ್ಲದಿದ್ದರೆ ಪ್ರತಿ ಅಲೆಯೂ ಅದನ್ನು ಎಳೆಯುತ್ತಿರುತ್ತದೆ.

ತಂಗುಸಿಯ ವಿಷಯದಲ್ಲಿ ಒಂದು ಜೀವರಕ್ಷಕ ಲೆಕ್ಕವಿದೆ. ಗಾಳಿ ಮತ್ತು ನೀರಿನ ಸೆಳೆತ ಕಡಿಮೆಯಾಗಲಿ ಎಂದು ರೀಲಿನಲ್ಲಿ ಸುತ್ತುವುದು ತೆಳ್ಳನೆಯದನ್ನು, ಸಾಧಾರಣವಾಗಿ 15 ಪೌಂಡ್ ತಾಳುವಂಥದ್ದು. ಆದರೆ ತುದಿಯಲ್ಲಿರುವ ಸೀಸ 5 ಔನ್ಸ್, ಅಂದರೆ ಸುಮಾರು 140 ಗ್ರಾಂ. ಇಡೀ ಮೈಬಲ ಹಾಕಿ ಬೀಸುವ ಕ್ಷಣದಲ್ಲಿ ತೆಳ್ಳನೆಯ ತಂಗುಸಿ ತುಂಡಾದರೆ ಆ ಸೀಸ ಗುಂಡಿನಂತೆ ಯಾರ ತಲೆಯ ಕಡೆಗೂ ಹಾರಬಹುದು. ಆದ್ದರಿಂದ ತುದಿಯ ಕೆಲವು ಮೀಟರ್‌ಗಳಿಗೆ ದಪ್ಪನೆಯ ತಂಗುಸಿಯನ್ನು ಗಂಟುಹಾಕುತ್ತಾರೆ. ಸೀಸದ ಪ್ರತಿ ಔನ್ಸಿಗೆ 10 ಪೌಂಡ್ ತಾಳುವ ಶಕ್ತಿ ಇರಬೇಕು ಎಂಬುದು ಸೂತ್ರ. 5 ಔನ್ಸ್ ಸೀಸಕ್ಕೆ ಕನಿಷ್ಠ 50. ಬಹಳಷ್ಟು ಜನ 60 ಪೌಂಡಿನದನ್ನೇ ಕಟ್ಟುತ್ತಾರೆ. ಎಸೆತದ ಹೊಡೆತವನ್ನು ಆ ದಪ್ಪ ತುಂಡು ತಾಳಿಕೊಳ್ಳುತ್ತದೆ, ದೂರವನ್ನು ತೆಳ್ಳನೆಯದು ತಂದುಕೊಡುತ್ತದೆ.

ಸೀಸದಿಂದ ನಾಲ್ಕು ತಂತಿಯ ಕಾಲುಗಳು ಹೊರಚಾಚಿರುವುದನ್ನು ಹತ್ತಿರದಿಂದ ನೋಡಿದರೆ ಕಾಣಬಹುದು. ದೋಣಿಯ ಲಂಗರಿನ ಕೆಲಸವನ್ನೇ ಅವು ಮಾಡುತ್ತವೆ: ತಳದ ಮರಳಿಗೆ ಊರಿಕೊಂಡು, ಸೆಳೆತದಲ್ಲಿ ಗಾಳ ಪಕ್ಕದವನ ಗಾಳಕ್ಕೆ ಸುತ್ತಿಕೊಳ್ಳದಂತೆ ತಡೆಯುತ್ತವೆ. ಬಲವಾಗಿ ಎಳೆದಾಗ ಕಾಲುಗಳು ಹಿಂದಕ್ಕೆ ಮಡಚಿಕೊಂಡು ಸೀಸ ಸಲೀಸಾಗಿ ಬರುತ್ತದೆ.

ಸೀಸದ ಮೇಲ್ಭಾಗದಲ್ಲಿ ಮುಖ್ಯ ದಾರದಿಂದ ಎರಡು ಮೂರು ಕವಲುಗಳು, ಪ್ರತಿ ಕವಲಿನ ತುದಿಗೂ ಒಂದು ಕೊಕ್ಕೆ. ಪಂದ್ಯಗಳಲ್ಲಿ ಸಾಮಾನ್ಯವಾಗಿ ಮೂರು ಕೊಕ್ಕೆಯೇ ಮಿತಿ. ದೂರಕ್ಕೆ ಎಸೆಯುವಾಗ ಎರೆ ಗಾಳಿಗೆ ಪಟಪಟ ಹೊಡೆದು ಉದುರಿಹೋಗದಂತೆ ಕೊಕ್ಕೆಯನ್ನು ಸಣ್ಣ ಕ್ಲಿಪ್ಪಿಗೆ ಸಿಕ್ಕಿಸಿರುತ್ತಾರೆ. ನೀರಿಗೆ ಬಿದ್ದ ಏಟಿಗೆ ಅದು ಕಳಚಿಕೊಳ್ಳುತ್ತದೆ.

ಎರೆಯ ಮಾತು

ಅಪ್ಪಯ್ಯನಿಗೆ ಅತಿ ಹೆಚ್ಚು ಖುಷಿಯಾದದ್ದು ಎರೆಯ ಡಬ್ಬಿ ನೋಡಿ. ಇಂಗ್ಲೆಂಡಿನ ಗಾಳಗಾರನ ಮುಖ್ಯ ಎರೆ ಲಗ್‌ವರ್ಮ್. ನಮ್ಮ ಎರೆಹುಳುವಿನ ಕಡಲಿನ ನೆಂಟನೆನ್ನಬಹುದು. ಇಳಿತದ ಹೊತ್ತಿನಲ್ಲಿ ಮರಳು ಅಗೆದು ತೆಗೆಯುತ್ತಾರೆ. ಕೆಲವು ಜಾತಿಯವನ್ನು ಹೊಟ್ಟೆ ಹಿಂಡಿ ತೆಗೆದು, ಎಲೆಅಡಿಕೆಯ ಪೊಟ್ಟಣದ ಹಾಗೆ ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟಿರುತ್ತಾರೆ. ಅದರ ಜೊತೆಗೆ ಕಾಲುಗಳಿರುವ ರ‍್ಯಾಗ್‌ವರ್ಮ್, ಬೊಂಡಾಸಿನ (ಸ್ಕ್ವಿಡ್) ಪಟ್ಟಿ, ಬಂಗುಡೆ ಜಾತಿಯ ಮೀನಿನ ತುಂಡು, ಮತ್ತು ಚಿಪ್ಪು ಕಳಚುವ ಹೊತ್ತಿನ ಮೆತ್ತನೆಯ ಏಡಿ.

ಮೆತ್ತನೆಯ ಎರೆ ಕೊಕ್ಕೆಯಿಂದ ಜಾರದಂತೆ ಕೂದಲಿನಷ್ಟು ತೆಳ್ಳನೆಯ, ಎಳೆದರೆ ಹಿಗ್ಗುವ ದಾರದಿಂದ ಸುತ್ತಿ ಸುತ್ತಿ ಬಿಗಿಯುತ್ತಾರೆ. ಬಾಳೆನಾರಿನಲ್ಲಿ ಸೇವಂತಿಗೆ ಕಟ್ಟುವವರ ಬೆರಳಿನ ಚುರುಕು ಅಲ್ಲಿ ಕಾಣಬೇಕು. ಚಪ್ಪಟೆ ಮೀನು ಹಿಡಿಯುವವರು ಕೊಕ್ಕೆಯ ಮೇಲೆ ಬಣ್ಣದ ಮಣಿಗಳನ್ನೂ ಪೋಣಿಸುತ್ತಾರೆ; ಕೆಸರೆದ್ದ ತಳದಲ್ಲಿ ಮಿನುಗಿ ಮೀನಿನ ಕುತೂಹಲ ಕೆರಳಿಸಲಿ ಎಂದು.

ಯಾವ ಎರೆ ಎಂಬುದು ಯಾವ ಮೀನು ಎಂಬುದರ ಮೇಲೆ. ಬೇಸಿಗೆಯಲ್ಲಿ ಈ ದಂಡೆಗೆ ಬಂಗುಡೆಯ ಹಿಂಡು ಬರುತ್ತದೆ. ಅದು ನಮ್ಮ ಬಂಗುಡೆಯಲ್ಲ, ಅದೇ ಕುಟುಂಬದ ಅಟ್ಲಾಂಟಿಕ್‌ನ ಜಾತಿ. ಶರತ್ಕಾಲ ಮುಗಿಯುತ್ತ ಬಂದಂತೆ ಕಾಡ್ ಕುಟುಂಬದ ವೈಟಿಂಗ್ ಎಂಬ ಬೆಳ್ಳಿಬಣ್ಣದ ಮೀನು ಪಂದ್ಯಗಳ ಜೀವಾಳವಾಗುತ್ತದೆ. ಪೌಟಿಂಗ್, ಡ್ಯಾಬ್ ಎಂಬ ಚಪ್ಪಟೆ ಮೀನು, ತೊರಕೆಯ ಜಾತಿಗಳು, ಬಾಸ್, ಡಾಗ್‌ಫಿಶ್ ಎಂಬ ಮಾರುದ್ದಕ್ಕಿಂತ ಬಹಳ ಚಿಕ್ಕದಾದ ಚುಕ್ಕೆ ಶಾರ್ಕ್, ಎಲ್ಲವೂ ಬರಬಹುದು.

ತೂಕ ಬಿಟ್ಟು ಉದ್ದ ಅಳೆಯುವುದೇಕೆ?

ಈಗ ಅಪ್ಪಯ್ಯನನ್ನು ಹೆಚ್ಚು ಕಾಡಿದ ಪ್ರಶ್ನೆಗೆ ಬರೋಣ. ಹಿಂದೆ ಪಂದ್ಯ ಮುಗಿದ ಮೇಲೆ ಎಲ್ಲರೂ ತಮ್ಮ ಮೀನುಗಳನ್ನು ತಕ್ಕಡಿಯ ಬಳಿಗೆ ಹೊತ್ತು ತರುತ್ತಿದ್ದರು. ಹೆಚ್ಚು ತೂಗಿದವನು ಗೆದ್ದ. ಅಷ್ಟು ಹೊತ್ತಿಗೆ ಮೀನುಗಳೆಲ್ಲ ಸತ್ತಿರುತ್ತಿದ್ದವು. ಯಾರೂ ತಿನ್ನದ ಸಣ್ಣ ಮೀನುಗಳೂ. ಮೀನಿನ ಸಂಖ್ಯೆ ಕುಗ್ಗಿದಂತೆ ಈ ಕ್ರಮ ಸರಿಯಲ್ಲ ಎಂಬ ಅರಿವು ಕ್ಲಬ್ಬುಗಳೊಳಗೇ ಬೆಳೆಯಿತು. ಈಗ ಬಹುಪಾಲು ಪಂದ್ಯಗಳಲ್ಲಿ ಮೀನು ಬಂದೊಡನೆ ಅಳತೆಪಟ್ಟಿಯ ಮೇಲೆ ಮೂತಿಯಿಂದ ಬಾಲದ ತುದಿಯವರೆಗೆ ಅಳೆದು, ಪಕ್ಕದ ಗೂಟದವನಿಂದಲೋ ಉಸ್ತುವಾರಿಯಿಂದಲೋ ಕಾರ್ಡಿನಲ್ಲಿ ಸಹಿ ಹಾಕಿಸಿ, ನೀರಿಗೆ ಬಿಡುತ್ತಾರೆ. ಅಂದರೆ ಎದುರಾಳಿಯೇ ಸಾಕ್ಷಿ. ಆ ಕಾರ್ಡಿನ ಮೇಲಿನ ವಿಶ್ವಾಸದಿಂದಲೇ ಇಡೀ ಪಂದ್ಯ ನಡೆಯುತ್ತದೆ.

ಅಂಕ ಕೊಡುವ ಬಗೆ ಎರಡು. ಮೊದಲನೆಯದು ನೇರ: ಒಂದು ಸೆಂಟಿಮೀಟರಿಗೆ ಒಂದು ಅಂಕ. 27 ಸೆಂಟಿಮೀಟರಿನ ವೈಟಿಂಗ್ ಹನ್ನೊಂದು ಹಿಡಿದವನಿಗೆ 297 ಅಂಕ. 60 ಸೆಂಟಿಮೀಟರಿನ ಡಾಗ್‌ಫಿಶ್ ಎರಡು ಹಿಡಿದವನಿಗೆ 120. ಇಲ್ಲಿ ಗೆಲ್ಲುವುದು ದೊಡ್ಡ ಮೀನಲ್ಲ, ಎಡೆಬಿಡದ ದುಡಿಮೆ.

ಎರಡನೆಯದು ಉದ್ದದಿಂದ ತೂಕವನ್ನು ಅಂದಾಜಿಸುವ ಪಟ್ಟಿ. ಮೀನಿನ ಉದ್ದ ಎರಡು ಪಟ್ಟಾದರೆ ಅಗಲವೂ ದಪ್ಪವೂ ಎರಡು ಪಟ್ಟಾಗುತ್ತವೆ. ಆದ್ದರಿಂದ ತೂಕ ಎರಡು ಗುಣಿಸು ಎರಡು ಗುಣಿಸು ಎರಡು, ಅಂದರೆ ಸುಮಾರು ಎಂಟು ಪಟ್ಟು. 30 ಸೆಂಟಿಮೀಟರಿನ ಬಾಸ್ ಮುನ್ನೂರು ಗ್ರಾಂ ಆಸುಪಾಸಿದ್ದರೆ 60 ಸೆಂಟಿಮೀಟರಿನದು ಎರಡು ಕಿಲೋ ದಾಟುತ್ತದೆ. ಈ ಪದ್ಧತಿಯಲ್ಲಿ ಒಂದು ದೊಡ್ಡ ಮೀನು ಇಡೀ ಸಂಜೆಯ ಸಣ್ಣ ಮೀನುಗಳನ್ನು ಹಿಂದಿಕ್ಕಬಹುದು. ಹಾಗಾಗಿ ನುರಿತವರು ಪೆಟ್ಟಿಗೆ ಬಿಚ್ಚುವ ಮೊದಲೇ ಕೇಳುವುದು ಇವತ್ತು ಅಂಕ ಹೇಗೆ ಎಂದು. ಸಣ್ಣ ಕೊಕ್ಕೆಗೆ ಹುಳು ಕಟ್ಟಬೇಕೋ, ದೊಡ್ಡ ಕೊಕ್ಕೆಗೆ ಬೊಂಡಾಸ್ ಕಟ್ಟಿ ಕಾಯಬೇಕೋ ಎಂಬುದು ಆ ಉತ್ತರದ ಮೇಲೆ.

ಸೆಂಟಿಮೀಟರ್ ಪದ್ಧತಿಯಲ್ಲಿ ಗಡಿಯಾರವೇ ಎದುರಾಳಿ. ನಾಲ್ಕು ಗಂಟೆ ಎಂದರೆ 240 ನಿಮಿಷ. ಒಂದು ಎಸೆತಕ್ಕೆ ಹನ್ನೆರಡು ನಿಮಿಷವಾದರೆ ಇಪ್ಪತ್ತು ಎಸೆತ. ಪ್ರತಿ ಸಲ ಎರೆ ಕಟ್ಟಲು ಮೂರು ನಿಮಿಷ ಹೆಚ್ಚು ಹಿಡಿದರೆ ಹದಿನಾರೇ. ಎಸೆತಕ್ಕೆ ಮೂರು ಕೊಕ್ಕೆಯಂತೆ ಹನ್ನೆರಡು ಅವಕಾಶ ಕೈತಪ್ಪಿದಂತೆ. ಇದಕ್ಕಾಗಿ ಅನುಭವಿಗಳು ಎರೆ ಕಟ್ಟಿದ ಕೊಕ್ಕೆ, ಸೀಸಗಳ ಇನ್ನೊಂದು ಜೋಡಣೆಯನ್ನು ಸಿದ್ಧವಾಗಿಟ್ಟಿರುತ್ತಾರೆ. ಗಾಳ ಎಳೆದೊಡನೆ ಮೀನು ಬಂದ ಜೋಡಣೆಯನ್ನು ಕಳಚಿ ಕಡಲ ನೀರಿನ ಬಕೆಟ್ಟಿಗೆ ಇಳಿಸಿ, ಹೊಸದನ್ನು ಸಿಕ್ಕಿಸಿ ಎಸೆದ ಮೇಲೆಯೇ ಮೀನು ಬಿಡಿಸಿ ಅಳೆಯುತ್ತಾರೆ.

ನೀರಿನ ಏರಿಳಿತ, ಬೆಳಕಿನ ಇಳಿತ

ಪಂದ್ಯದ ದಿನವನ್ನು ಗೊತ್ತುಮಾಡುವುದು ಚಂದ್ರ. ಭರತ ಇಳಿತಗಳು ದಿನಕ್ಕೆ ಎರಡೆರಡು ಬಾರಿ ಬರುತ್ತವೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಹುಣ್ಣಿಮೆ ಅಮಾವಾಸ್ಯೆಗಳ ಒಂದೆರಡು ದಿನಗಳಾಚೆ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಲೆಕ್ಕ ಮೊದಲೇ ಸಿಗುವುದರಿಂದ ಕ್ಲಬ್ಬುಗಳು ಇಡೀ ವರ್ಷದ ಪಂದ್ಯಗಳ ವೇಳೆಯನ್ನು ಮುಂಚಿತವಾಗಿಯೇ ಪ್ರಕಟಿಸುತ್ತವೆ.

ಪೋರ್ಟ್‌ಲ್ಯಾಂಡ್‌ನಲ್ಲಿ ದೊಡ್ಡ ಭರತದ ದಿನವೂ ನೀರಿನ ಏರಿಳಿತ ಎರಡು ಮೀಟರಿನ ಆಸುಪಾಸು. ಚಪ್ಪಟೆ ಮರಳಿನಲ್ಲಿ ಎರಡು ಮೀಟರ್ ನೀರು ಏರಿದರೆ ಅಂಚು ಬಹಳ ದೂರ ಸರಿಯುತ್ತದೆ, ಗಾಳಗಾರ ಪೆಟ್ಟಿಗೆ ಹೊತ್ತು ಹಿಂದೆ ಮುಂದೆ ಓಡಾಡುತ್ತಲೇ ಇರಬೇಕು. ಈ ಕಡಿದಾದ ಕಲ್ಲಿನಲ್ಲಿ ಅಂಚು ಕೆಲವೇ ಮೀಟರ್ ಸರಿಯುತ್ತದೆ. ಅದಕ್ಕೇ ಇಲ್ಲಿ ಇಡೀ ಪಂದ್ಯ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ನಡೆಯಬಲ್ಲುದು. ನೀರು ಏರದಿದ್ದರೂ ಹರಿಯುವುದು ಮಾತ್ರ ಜೋರಾಗಿಯೇ, ದಂಡೆಗೆ ಸಮಾನಾಂತರವಾಗಿ. ಆ ಹರಿವು ಶುರುವಾದಾಗ, ನಿಂತಾಗ, ದಿಕ್ಕು ಬದಲಿಸಿದಾಗ ಮೀನಿನ ಮೇವಿನ ಹೊತ್ತೂ ಬದಲಾಗುತ್ತದೆ.

ಕತ್ತಲು ಇನ್ನೊಂದು ತಿರುವು. ಹಗಲಿನಲ್ಲಿ ದೂರವಿದ್ದ ವೈಟಿಂಗ್ ಹೊತ್ತು ಮುಳುಗುತ್ತಲೇ ದಡದ ಹತ್ತಿರಕ್ಕೆ ಬರುತ್ತದೆ. ನಾವು ನೋಡಿದ ದಿನವೂ ಸೂರ್ಯ ಮುಳುಗುವವರೆಗೆ ಸಾಲು ಬಹುಮಟ್ಟಿಗೆ ಮೌನವಾಗಿತ್ತು. ಆಮೇಲೆ ಹಣೆದೀಪಗಳು ಒಂದೊಂದಾಗಿ ಹೊತ್ತಿಕೊಂಡವು, ಕೋಲಿನ ತುದಿಗೆ ಸುತ್ತಿದ್ದ ಹೊಳೆಯುವ ಪಟ್ಟಿಗಳು ಅಲ್ಲಲ್ಲಿ ತಲೆಯಾಡಿಸತೊಡಗಿದವು. ಕೆಲವೊಮ್ಮೆ ಕಚ್ಚಿದ ಸೂಚನೆ ತಿರುವುಮುರುವಾಗಿಯೂ ಬರುತ್ತದೆ: ಮೀನು ಎರೆ ಕಚ್ಚಿ ದಡದ ಕಡೆಗೇ ಈಜಿದರೆ ಸೀಸ ಬುಡ ಕಿತ್ತು, ಬಿಗಿಯಾಗಿದ್ದ ತಂಗುಸಿ ಸಡಿಲವಾಗಿ ಜೋತುಬೀಳುತ್ತದೆ. ಹೊಸಬರು ಅದನ್ನು ಗಮನಿಸದೆ ಮೀನು ಕಳೆದುಕೊಳ್ಳುತ್ತಾರೆ.

ಮೀನಿಗೂ ಮನುಷ್ಯನಿಗೂ ಪೆಟ್ಟಾಗದಂತೆ

ಬಿಟ್ಟ ಮೀನು ಬದುಕಿದರೆ ಮಾತ್ರ ಬಿಡುವುದಕ್ಕೆ ಅರ್ಥ. ಮೀನಿನ ಮೈಮೇಲಿನ ಲೋಳೆ ಅದರ ಕವಚ. ಒಣಗಿದ ಕೈಯಿಂದ ಹಿಡಿದರೆ ಅದು ಕಿತ್ತುಬರುತ್ತದೆ. ಹಾಗಾಗಿ ಮೊದಲು ಕೈ ಒದ್ದೆ ಮಾಡಿಕೊಳ್ಳುತ್ತಾರೆ, ಅಳತೆಪಟ್ಟಿಯನ್ನೂ. ಡಾಗ್‌ಫಿಶ್ ಬೇರೆ ಬಗೆ: ಅದರ ಚರ್ಮ ಉಪ್ಪುಕಾಗದದಷ್ಟು ಒರಟು, ಬಾಲವನ್ನು ಮುಂಗೈಗೆ ಸುತ್ತಿ ಉಜ್ಜಿತೆಂದರೆ ತೊಗಲು ಸುಲಿಯುತ್ತದೆ. ತಲೆ ಬಾಲಗಳನ್ನು ಒಟ್ಟಿಗೆ ಹಿಡಿಯುವುದು ಅದಕ್ಕೆ ಉಪಾಯ. ವೀವರ್ ಎಂಬ ಗೇಣಿಗಿಂತ ಚಿಕ್ಕ ಮೀನನ್ನು ಮಾತ್ರ ಬರಿಗೈಯಲ್ಲಿ ಮುಟ್ಟಲೇಬಾರದು, ಬೆನ್ನಿನ ಮುಳ್ಳಿನಲ್ಲಿ ನಂಜಿದೆ. ಚುಚ್ಚಿಸಿಕೊಂಡವರು ಆ ಭಾಗವನ್ನು ಸುಡದಷ್ಟು, ಆದರೆ ತಾಳಬಹುದಾದಷ್ಟು ಬಿಸಿಯ ನೀರಿನಲ್ಲಿ ಅದ್ದಿಟ್ಟರೆ ನೋವು ಇಳಿಯುತ್ತದೆ.

ಎಲ್ಲಕ್ಕಿಂತ ಅಪಾಯದ್ದು ದಂಡೆಯೇ. ಇಳಿಜಾರು ಕಡಿದಾಗಿರುವುದರಿಂದ ಅಲೆ ದೂರದಲ್ಲಿ ಒಡೆದು ದಣಿದು ಬರುವುದಿಲ್ಲ. ಕಾಲಬುಡದವರೆಗೆ ಪೂರ್ಣ ಬಲದಲ್ಲಿ ಬಂದು ಅಪ್ಪಳಿಸುತ್ತದೆ. ದೊಡ್ಡ ಅಲೆಯ ನೀರು ಇಂಗಿ ಮುಗಿಯುವುದಿಲ್ಲ, ಉಳಿದದ್ದು ಕಲ್ಲುಗಳನ್ನು ಗಡಗಡ ಉರುಳಿಸುತ್ತ ಹಿಂದಕ್ಕೆ ಎಳೆಯುತ್ತದೆ. ಉರುಳುವ ಕಲ್ಲಿನ ಮೇಲೆ ಕಾಲು ನಿಲ್ಲುವುದಿಲ್ಲ. ಆದ್ದರಿಂದ ಮೀನು ಎಷ್ಟೇ ದೊಡ್ಡದಿರಲಿ, ಅನುಭವಿಗಳು ಅದಕ್ಕಾಗಿ ನೀರಿಗೆ ಇಳಿಯುವುದಿಲ್ಲ. ಬರುವ ಅಲೆಯ ಜೊತೆ ದಾರ ಸುತ್ತಿಕೊಂಡು, ಮರಳುವ ಅಲೆಗೆ ಸ್ವಲ್ಪ ಬಿಟ್ಟುಕೊಟ್ಟು, ಮುಂದಿನ ಅಲೆಯೇ ಮೀನನ್ನು ಕಲ್ಲಿನ ಮೇಲೆ ತಂದಿಡುವಂತೆ ಮಾಡುತ್ತಾರೆ. 1824ರ ನವೆಂಬರಿನ ಬಿರುಗಾಳಿಯಲ್ಲಿ ಕಡಲು ಈ ದಿಬ್ಬವನ್ನೇ ದಾಟಿ ಬಂದು ಪೋರ್ಟ್‌ಲ್ಯಾಂಡ್ ತುದಿಯ ಚಿಸ್ವೆಲ್ ಹಳ್ಳಿಯಲ್ಲಿ ಜೀವಗಳನ್ನು ಬಲಿತೆಗೆದುಕೊಂಡಿತು, ಹಿನ್ನೀರಿನಾಚೆ ಫ್ಲೀಟ್ ಹಳ್ಳಿಯ ಚರ್ಚನ್ನು ಕೆಡವಿತು. ನೈಋತ್ಯದ ಗಾಳಿ ಜೋರಾಗಿರುವ ದಿನ ಪಂದ್ಯವನ್ನು ಬೇರೆಡೆಗೆ ಒಯ್ಯುತ್ತಾರೆ ಅಥವಾ ಮುಂದೂಡುತ್ತಾರೆ.

ನೀವು ಆ ಕಡೆ ಹೋದರೆ

ಇಂಗ್ಲೆಂಡಿನಲ್ಲಿ ಕಡಲಿನಲ್ಲಿ ಕೋಲು ಹಿಡಿದು ಗಾಳ ಹಾಕಲು ಪರವಾನಗಿ ಬೇಡ. ನದಿ ಕೆರೆಗಳಿಗೆ ಬೇಕು. ಆದರೆ ಹಿಡಿದದ್ದನ್ನೆಲ್ಲ ಮನೆಗೆ ಒಯ್ಯುವಂತಿಲ್ಲ. ಉದಾಹರಣೆಗೆ 42 ಸೆಂಟಿಮೀಟರಿಗಿಂತ ಚಿಕ್ಕ ಬಾಸ್ ಅನ್ನು ನೀರಿಗೆ ಬಿಡಲೇಬೇಕು, ಮತ್ತು ಎಷ್ಟು ಬಾಸ್ ಇಟ್ಟುಕೊಳ್ಳಬಹುದು ಎಂಬುದಕ್ಕೂ ಕಾಲಕಾಲಕ್ಕೆ ಬದಲಾಗುವ ಮಿತಿಯಿದೆ. ಕ್ಲಬ್ಬುಗಳನ್ನು ಒಗ್ಗೂಡಿಸಲು 1904ರಲ್ಲಿ ಹುಟ್ಟಿದ ಕಡಲ ಗಾಳಗಾರರ ರಾಷ್ಟ್ರೀಯ ಒಕ್ಕೂಟ 2009ರಲ್ಲಿ ಆಂಗ್ಲಿಂಗ್ ಟ್ರಸ್ಟ್ ಎಂಬ ಸಂಸ್ಥೆಯಲ್ಲಿ ವಿಲೀನವಾಯಿತು. ಈಗ ಇಂಥ ನಿಯಮಗಳ ಮಾಹಿತಿ ಅಲ್ಲಿಯೂ ಸಿಗುತ್ತದೆ. ಹಿನ್ನೀರಿನ ಪಕ್ಕದ ದಂಡೆಯ ಒಂದು ದೊಡ್ಡ ಭಾಗವನ್ನು ನೆಲದ ಮೇಲೆ ಗೂಡುಕಟ್ಟುವ ಹಕ್ಕಿಗಳಿಗಾಗಿ ಏಪ್ರಿಲ್ 1ರಿಂದ ಆಗಸ್ಟ್ 31ರವರೆಗೆ ಮುಚ್ಚಿರುತ್ತಾರೆ. ಕಲ್ಲುಗಳನ್ನು ನೆನಪಿಗೆಂದು ಜೇಬಿಗಿಳಿಸುವುದಕ್ಕೂ ನಿಷೇಧವಿದೆ. ದಂಡೆಗೆ ಹೊಸ ಕಲ್ಲು ಬರುವುದು ಬಹುತೇಕ ನಿಂತುಹೋಗಿದೆ, ಹೋದದ್ದು ಹೋಯಿತು.

ಪಂದ್ಯ ನಡೆಯುತ್ತಿದ್ದರೆ ಮುಕ್ಕಾಲಿಗಳ ಹಿಂದಿನಿಂದ, ದಿಬ್ಬದ ಮೇಲ್ಭಾಗದಲ್ಲಿ ನಡೆಯಿರಿ. ಮುಂಭಾಗದಲ್ಲಿ ತಂಗುಸಿ ಕಣ್ಣಿಗೆ ಕಾಣುವುದಿಲ್ಲ. ಯಾರಾದರೂ ಹಿಂದಕ್ಕೆ ತಿರುಗಿ ನೋಡಿ ಕೋಲನ್ನು ಬೆನ್ನ ಹಿಂದೆ ಚಾಚಿದರೆ ಇದ್ದಲ್ಲೇ ನಿಂತುಬಿಡಿ, ಅವರು ಎಸೆಯಲಿದ್ದಾರೆ. ಕತ್ತಲಾದ ಮೇಲೆ ಮೊಬೈಲಿನ ದೀಪವನ್ನು ನೀರಿನ ಕಡೆ ಹಾಯಿಸಬೇಡಿ. ಮಾತಾಡಿಸುವುದಿದ್ದರೆ ಗಾಳ ನೀರಿನಲ್ಲಿದ್ದು ಅವರು ಪೆಟ್ಟಿಗೆಯ ಮೇಲೆ ಕುಳಿತಿರುವ ಹೊತ್ತು ಒಳ್ಳೆಯದು. ಅಪ್ಪಯ್ಯ ಮಾತಾಡಿಸಿದ್ದು ಸಾಲಿನ ಕೊನೆಯ ಗೂಟದವರನ್ನು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅವರು ಎರೆಯ ಡಬ್ಬಿ ಮುಂದೆ ಚಾಚಿದರು, ಅಪ್ಪಯ್ಯ ಒಂದು ಹುಳುವನ್ನು ಬೆರಳಲ್ಲಿ ಹಿಡಿದು, ಅಳಿವೆಯಲ್ಲಿ ತಾವು ಕೊಕ್ಕೆಗೆ ಏರಿಸುತ್ತಿದ್ದ ಕ್ರಮವನ್ನು ತೋರಿಸಿದರು. ಅಷ್ಟರಲ್ಲಿ ಕೋಲಿನ ತುದಿ ಎರಡು ಬಾರಿ ಬಾಗಿತು.